ಲಿಗ್ನಿನ್ ಒಡೆಯಲು ಆಲ್ಕೊಹಾಲ್: ಎಷ್ಟು ಹಾಕಿದಿರಿ, ಎಷ್ಟು ವಾಪಸ್ ಬಂತು?

ಕಾಗದ ಮಾಡುವ ಕೆಲಸದಲ್ಲಿ ಬಹಳಷ್ಟು ಶ್ರಮ ಹೋಗುವುದು ಮರದಿಂದ ಲಿಗ್ನಿನ್ ತೆಗೆಯುವುದಕ್ಕೆ. ಮರದ ಒಣ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದೇ ಇರುತ್ತದೆ. ನಾರುಗಳನ್ನು ಒಂದಕ್ಕೊಂದು ಅಂಟಿಸಿ ಮರವನ್ನು ನೆಟ್ಟಗೆ ನಿಲ್ಲಿಸುವುದು ಲಿಗ್ನಿನ್. ಕಾಗದಕ್ಕೆ ನಾರು ಸಾಕು, ಅಂಟು ಬೇಡ. ಹಾಗಾಗಿ ಪ್ರಪಂಚದ ಕಾಗದ ಕಾರ್ಖಾನೆಗಳು ವರ್ಷಕ್ಕೆ 5 ಕೋಟಿ ಟನ್‌ಗೂ ಜಾಸ್ತಿ ಲಿಗ್ನಿನ್ ಅನ್ನು ಮರದಿಂದ ಕರಗಿಸಿ ಬೇರೆ ಮಾಡುತ್ತವೆ. ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ನೇರವಾಗಿ ಬಾಯ್ಲರಿಗೆ ಹೋಗಿ ಉರಿದುಹೋಗುತ್ತದೆ.

ಇದು ದೊಡ್ಡ ನಷ್ಟ ಅಂತ ಹಲವರು ಬರೆಯುತ್ತಾರೆ. ಯಾಕೆ ಅಂದರೆ ಲಿಗ್ನಿನ್ ಒಳಗೆ ಇರುವುದು ಬೆಂಜೀನ್ ಉಂಗುರ, ಅಂದರೆ ಆರು ಕಾರ್ಬನ್ ಸುತ್ತಲಾಗಿ ಕೂಡಿಕೊಂಡ ಉಂಗುರ. ಪ್ಲೈವುಡ್ ಅಂಟಿಗೆ ಹಾಕುವ ಫೀನಾಲ್, ಬಣ್ಣ, ಔಷಧ, ಪ್ಲಾಸ್ಟಿಕ್, ಇವೆಲ್ಲದರ ಬುಡದಲ್ಲಿ ಇರುವ ಉಂಗುರ ಅದೇ. ಇವತ್ತು ಆ ಉಂಗುರ ನಮಗೆ ಸಿಗುತ್ತಿರುವುದು ಹೆಚ್ಚುಕಡಿಮೆ ಪೂರ್ತಿ ಪೆಟ್ರೋಲಿಯಂನಿಂದ. ಪ್ರಕೃತಿಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೆಂಜೀನ್ ಉಂಗುರ ಸಿಗುವ ಇನ್ನೊಂದು ಮೂಲ ಅಂದರೆ ಲಿಗ್ನಿನ್ ಒಂದೇ. ಅದನ್ನು ಕಲ್ಲಿದ್ದಲಿನ ಥರ ಸುಡುವುದು ಸರಿಯಲ್ಲ ಅನ್ನುವ ಮಾತಲ್ಲಿ ತಥ್ಯ ಇದೆ. ಇದಕ್ಕೆ ಉತ್ತರವಾಗಿ ಹದಿನೈದು ವರ್ಷದಿಂದ ಜೋರಾಗಿ ಕೇಳಿಬರುತ್ತಿರುವ ದಾರಿ ಒಂದಿದೆ. ಲಿಗ್ನಿನ್ ಅನ್ನು ಮೆಥನಾಲ್ ಅಥವಾ ಎಥನಾಲಿನಲ್ಲಿ ಹಾಕಿ, ಒಂದು ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ 200ರಿಂದ 400 ಡಿಗ್ರಿ ಶಾಖ ಕೊಟ್ಟು ಒಡೆಯುವುದು.

ಈ ದಾರಿಯ ಬಗ್ಗೆ ನನಗೆ ನಂಬಿಕೆ ಇದೆ. ಆದರೆ ಇದರ ಬಗ್ಗೆ ಬರುವ ಸುದ್ದಿಗಳಲ್ಲಿ ಒಂದು ಸಂಖ್ಯೆ ಯಾವಾಗಲೂ ಕಾಣೆಯಾಗಿರುತ್ತದೆ. ಲಿಗ್ನಿನ್ ಎಷ್ಟು ಒಡೆಯಿತು ಅಂತ ಹೇಳುತ್ತಾರೆ. ಆಲ್ಕೊಹಾಲ್ ಎಷ್ಟು ಹಾಕಿದರು, ಅದರಲ್ಲಿ ಎಷ್ಟು ವಾಪಸ್ ಸಿಕ್ಕಿತು ಅನ್ನುವುದನ್ನು ಹೇಳುವುದಿಲ್ಲ. ನನ್ನ ಪ್ರಕಾರ ಈ ತಂತ್ರಜ್ಞಾನ ಕಾರ್ಖಾನೆ ಮುಟ್ಟುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಆ ಸಂಖ್ಯೆಯ ಮೇಲೆ.

ಮೊದಲು ಸುಡುವುದರ ಬಗ್ಗೆ ಒಂದು ಮಾತು. ಕಾಗದ ಕಾರ್ಖಾನೆಯವರು ಸುಮ್ನೆ ಸುಡುತ್ತಿಲ್ಲ. ಈಗ ಚಾಲ್ತಿಯಲ್ಲಿರುವ ಕ್ರಾಫ್ಟ್ ವಿಧಾನವನ್ನು ಕಂಡುಹಿಡಿದದ್ದು 1879ರಲ್ಲಿ, ಜರ್ಮನಿಯ ಕಾರ್ಲ್ ದಾಲ್. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಮರದ ಚೂರುಗಳನ್ನು ಸುಮಾರು 170 ಡಿಗ್ರಿಯಲ್ಲಿ ಬೇಯಿಸುತ್ತಾರೆ. ನಾರು ಉಳಿಯುತ್ತದೆ, ಲಿಗ್ನಿನ್ ಕರಗಿ ಕಪ್ಪು ದ್ರವವಾಗುತ್ತದೆ. ಅದಕ್ಕೆ ಬ್ಲ್ಯಾಕ್ ಲಿಕರ್ ಅನ್ನುತ್ತಾರೆ. ಅದನ್ನು ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಸುಟ್ಟರೆ ಎರಡು ಲಾಭ. ಕಾರ್ಖಾನೆಗೆ ಬೇಕಾದ ಹಬೆ, ಕರೆಂಟು ಸಿಗುತ್ತದೆ. ಜೊತೆಗೆ ಬೇಯಿಸಲು ಹಾಕಿದ ರಾಸಾಯನಿಕಗಳು ಬಾಯ್ಲರಿನ ತಳದಲ್ಲಿ ವಾಪಸ್ ಸಿಗುತ್ತವೆ. ದಾಂಡೇಲಿಯಂಥ ದೊಡ್ಡ ಕಾರ್ಖಾನೆ ನಡೆಯುವುದು ಇದೇ ಚಕ್ರದ ಮೇಲೆ. ಒಣ ಲಿಗ್ನಿನ್ ಒಂದು ಕಿಲೋಗೆ ಸುಮಾರು 25 ಮೆಗಾಜೂಲ್ ಶಾಖ ಕೊಡುತ್ತದೆ, ನಮ್ಮ ದೇಶದ ಬಹುಪಾಲು ಕಲ್ಲಿದ್ದಲಿಗಿಂತ ಜಾಸ್ತಿ. ಬೇರೆ ಕೆಲಸಕ್ಕೆ ಅಂತ ಲಿಗ್ನಿನ್ ತೆಗೆದುಕೊಂಡರೆ ಆ ಶಾಖಕ್ಕೆ ಬದಲಿಯಾಗಿ ಇನ್ನೇನನ್ನೋ ಸುಡಬೇಕು. ಹಾಗಾಗಿ ಲಿಗ್ನಿನ್ ಪುಕ್ಕಟೆ ಸಿಗುವ ಕಸ ಅಂತ ಹೊರಟ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಈಗ ಒಡೆಯುವ ವಿಷಯ. ಲಿಗ್ನಿನ್ ಕಟ್ಟಿರುವುದು ಮುಖ್ಯವಾಗಿ ಮೂರು ಥರದ ತುಣುಕುಗಳಿಂದ. ಮೂರಕ್ಕೂ ಒಂದು ಬೆಂಜೀನ್ ಉಂಗುರ, ಅದಕ್ಕೆ ಮೂರು ಕಾರ್ಬನ್ನಿನ ಒಂದು ಬಾಲ. ಉಂಗುರದ ಮೇಲೆ ಮೆಥಾಕ್ಸಿ ಗುಂಪು (ಒಂದು ಆಮ್ಲಜನಕ, ಒಂದು ಕಾರ್ಬನ್ ಇರುವ ಚಿಕ್ಕ ಕವಲು) ಇಲ್ಲದಿದ್ದರೆ ಒಂದು ಥರ, ಒಂದು ಇದ್ದರೆ ಇನ್ನೊಂದು, ಎರಡು ಇದ್ದರೆ ಮತ್ತೊಂದು. ಪೈನ್ ಥರದ ಮೆದು ಮರಗಳಲ್ಲಿ ಒಂದು ಮೆಥಾಕ್ಸಿ ಇರುವುದೇ ಜಾಸ್ತಿ. ನೀಲಗಿರಿ, ಬರ್ಚ್ ಥರದ ಗಟ್ಟಿ ಮರಗಳಲ್ಲಿ ಎರಡು ಇರುವುದೂ ಧಾರಾಳವಾಗಿದೆ. ಹುಲ್ಲು, ಬಿದಿರು, ಕಬ್ಬಿನಲ್ಲಿ ಮೂರೂ ಇರುತ್ತವೆ. ಗಿಡ ಇವನ್ನು ಯಾವ ಕ್ರಮವೂ ಇಲ್ಲದೆ ಜೋಡಿಸುತ್ತದೆ. ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸಿನಲ್ಲಿ ಒಂದೇ ಥರದ ಕೊಂಡಿ ಸಾಲಾಗಿ ಬರುತ್ತದೆ, ಲಿಗ್ನಿನ್‌ನಲ್ಲಿ ಆರೇಳು ಥರದ ಕೊಂಡಿಗಳು ಕಲಸಿಕೊಂಡಿರುತ್ತವೆ. ಅವುಗಳಲ್ಲಿ ಬೀಟಾ-ಓ-4 ಅನ್ನುವ ಆಮ್ಲಜನಕದ ಕೊಂಡಿ ಹೆಚ್ಚು, ಒಟ್ಟು ಕೊಂಡಿಗಳಲ್ಲಿ ಅರ್ಧದಷ್ಟು. ಗಟ್ಟಿ ಮರಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇದನ್ನು ಕಡಿಯುವುದು ಸುಲಭ. ಉಳಿದವುಗಳಲ್ಲಿ ಹಲವು ಕಾರ್ಬನ್-ಕಾರ್ಬನ್ ಕೊಂಡಿಗಳು. ಅವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಇಲ್ಲೇ ಒಂದು ಸರಳ ಲೆಕ್ಕ ಮಾಡಬಹುದು. ಸರಪಳಿಯಿಂದ ಒಂದು ತುಣುಕು ಬಿಡಿಯಾಗಿ ಹೊರಬರಬೇಕಾದರೆ ಅದರ ಎರಡೂ ಬದಿಯ ಕೊಂಡಿ ಕಡಿಯಬೇಕು, ಅಲ್ವಾ? ಕಡಿಯಬಲ್ಲ ಕೊಂಡಿಗಳು ನೂರಕ್ಕೆ 60 ಇದ್ದರೆ, ಎರಡೂ ಬದಿಯಲ್ಲಿ ಅಂಥದ್ದೇ ಕೊಂಡಿ ಇರುವ ಸಾಧ್ಯತೆ 0.6ನ್ನು 0.6ರಿಂದ ಗುಣಿಸಿದಷ್ಟು, ಅಂದರೆ ನೂರಕ್ಕೆ 36. ಕಾಗದ ಕಾರ್ಖಾನೆಯ ಕ್ರಾಫ್ಟ್ ಲಿಗ್ನಿನ್‌ನಲ್ಲಿ ಈ ಕೊಂಡಿಗಳು ಬಹಳಷ್ಟು ಆಗಲೇ ಮುರಿದಿರುತ್ತವೆ. ನೂರಕ್ಕೆ 10 ಉಳಿದಿವೆ ಅಂತಿಟ್ಟುಕೊಂಡರೆ ಸಿಗುವ ಬಿಡಿ ತುಣುಕು ನೂರಕ್ಕೆ 1. ಸರಳೀಕರಿಸಿದ ಲೆಕ್ಕ ಇದು, ನಿಜ. ಆದರೆ ಯಾವ ಲಿಗ್ನಿನ್ ತೆಗೆದುಕೊಂಡಿರಿ ಅನ್ನುವುದು ಯಾವ ಕ್ಯಾಟಲಿಸ್ಟ್ ಹಾಕಿದಿರಿ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಯಾಕೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಕೊಂಡಿ ಕಡಿಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಕಡಿದ ತುಣುಕುಗಳ ತುದಿ ತುಂಬಾ ಚುರುಕಾಗಿರುತ್ತದೆ. ಪಕ್ಕದಲ್ಲಿ ಇನ್ನೊಂದು ಉಂಗುರ ಸಿಕ್ಕ ತಕ್ಷಣ ಅಂಟಿಕೊಳ್ಳುತ್ತದೆ, ಅದೂ ಈ ಸಲ ಗಟ್ಟಿಯಾದ ಕಾರ್ಬನ್-ಕಾರ್ಬನ್ ಕೊಂಡಿಯಾಗಿ. ಜೊತೆಗೆ ಲಿಗ್ನಿನ್ ಒಡೆಯುವಾಗ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಫೀನಾಲಿಗೆ ಫಾರ್ಮಾಲ್ಡಿಹೈಡ್ ಸೇರಿದರೆ ಏನಾಗುತ್ತದೆ ಅನ್ನುವುದು ಪ್ಲೈವುಡ್ ಮಾಡುವವರಿಗೆಲ್ಲ ಗೊತ್ತು: ಮತ್ತೆಂದೂ ಕರಗದ ಅಂಟು. ಹೀಗೆ ಒಡೆಯಲು ಹೋಗಿ ಮೊದಲಿಗಿಂತ ಗಟ್ಟಿ ವಸ್ತು ತಯಾರಾಗುತ್ತದೆ. ಬೆಲ್ಲದ ಪಾಕ ಕೈತಪ್ಪಿ ತಳ ಹಿಡಿದ ಹಾಗೆ ಪಾತ್ರೆಯ ತಳದಲ್ಲಿ ಕಪ್ಪು ಇದ್ದಿಲು ಕೂರುತ್ತದೆ, ಕ್ಯಾಟಲಿಸ್ಟ್ ಅದರಡಿ ಹೂತುಹೋಗುತ್ತದೆ. ನೀರಿನಲ್ಲಿ ಲಿಗ್ನಿನ್ ಕಾಯಿಸಿ ಒಡೆಯಲು ಹೊರಟವರಿಗೆ ಬಹಳ ವರ್ಷ ಕಾಡಿದ್ದು ಇದೇ.

ಆಲ್ಕೊಹಾಲ್ ಬರುವುದು ಇಲ್ಲಿ. ಈ ಆಲೋಚನೆ ಹೊಸದೇನಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಹಿಬರ್ಟ್ ತಂಡ ಮರವನ್ನು ಎಥನಾಲ್ ಮತ್ತು ಆಮ್ಲದಲ್ಲಿ ಕಾಯಿಸಿ ಲಿಗ್ನಿನ್ ತುಣುಕುಗಳನ್ನು ಪಡೆದಿತ್ತು. ಆ ತುಣುಕುಗಳನ್ನು ಇವತ್ತಿಗೂ ಹಿಬರ್ಟ್ ಕೀಟೋನ್ ಅಂತಲೇ ಕರೆಯುತ್ತಾರೆ. 1938ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೋಮರ್ ಆ್ಯಡ್ಕಿನ್ಸ್ ತಂಡ ಆಸ್ಪೆನ್ ಮರದಿಂದ ಮೆಥನಾಲಿನಲ್ಲಿ ತೆಗೆದ ಲಿಗ್ನಿನ್‌ಗೆ ತಾಮ್ರ-ಕ್ರೋಮಿಯಂ ಕ್ಯಾಟಲಿಸ್ಟ್ ಹಾಕಿ, ಹೈಡ್ರೋಜನ್ ಒತ್ತಡದಲ್ಲಿ 250 ಡಿಗ್ರಿಗೆ ಕಾಯಿಸಿ, ಚಿಕ್ಕ ಅಣುಗಳನ್ನು ಬೇರ್ಪಡಿಸಿ ತೋರಿಸಿತು. ಆಗ ಅವರಿಗೆ ಬೇಕಿದ್ದದ್ದು ಲಿಗ್ನಿನ್ ರಚನೆ ಹೇಗಿದೆ ಅಂತ ತಿಳಿಯುವುದು. ಅದನ್ನು ಸರಕಾಗಿ ನೋಡುವ ಕಾಲ ಆಮೇಲೆ ಬಂತು.

ಆಲ್ಕೊಹಾಲ್ ಮೂರು ಕೆಲಸ ಮಾಡುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಕರಗಿಸುವುದು. ನೀರಿಗಿಂತ ಆಲ್ಕೊಹಾಲಿನಲ್ಲಿ ಲಿಗ್ನಿನ್ ತುಣುಕುಗಳು ಚೆನ್ನಾಗಿ ಕರಗುತ್ತವೆ. ಮೆಥನಾಲ್ 239 ಡಿಗ್ರಿ, ಎಥನಾಲ್ 241 ಡಿಗ್ರಿ ದಾಟಿ, ಸಾಕಷ್ಟು ಒತ್ತಡವೂ ಇದ್ದರೆ, ದ್ರವವೂ ಅಲ್ಲದ ಅನಿಲವೂ ಅಲ್ಲದ ಸ್ಥಿತಿಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಅದು ಕ್ಯಾಟಲಿಸ್ಟಿನ ಸಣ್ಣ ಸಣ್ಣ ರಂಧ್ರಗಳಿಗೂ ಸರಾಗವಾಗಿ ನುಗ್ಗುತ್ತದೆ. ಎರಡನೆಯದು, ಹೈಡ್ರೋಜನ್ ಕೊಡುವುದು. ತಾಮ್ರ ಅಥವಾ ನಿಕ್ಕಲ್ ಕ್ಯಾಟಲಿಸ್ಟ್ ಇದ್ದರೆ ಆಲ್ಕೊಹಾಲ್ ತನ್ನದೇ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಹೊರಗಿನಿಂದ ಸಿಲಿಂಡರ್ ಹೈಡ್ರೋಜನ್ ತಂದು ತುಂಬುವ ಕೆಲಸ ಕಡಿಮೆಯಾಗುತ್ತದೆ, ಕೆಲವು ಪ್ರಯೋಗಗಳಲ್ಲಿ ಬೇಕಾಗಿಯೇ ಇಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಕಡಿದ ತುಣುಕಿನ ಚುರುಕಾದ ತುದಿಗೆ ಆಲ್ಕೊಹಾಲ್ ತಾನೇ ಹೋಗಿ ಅಂಟಿಕೊಳ್ಳುತ್ತದೆ, ಹೀಗಾಗಿ ಇನ್ನೊಂದು ಲಿಗ್ನಿನ್ ತುಣುಕಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಹುಟ್ಟುವ ಫಾರ್ಮಾಲ್ಡಿಹೈಡನ್ನೂ ಎಥನಾಲ್ ಹಿಡಿದು ತೆಗೆಯುತ್ತದೆ. ಮತ್ತೆ ಅಂಟಾಗುವ ದಾರಿ ಎರಡೂ ಕಡೆಯಿಂದ ಮುಚ್ಚುತ್ತದೆ.

2010ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಪೀಟರ್ ಫೋರ್ಡ್ ತಂಡ ತಾಮ್ರ ಬೆರೆಸಿದ ಮೆಗ್ನೀಸಿಯಂ-ಅಲ್ಯುಮಿನಿಯಂ ಆಕ್ಸೈಡನ್ನು 300 ಡಿಗ್ರಿ ಮೆಥನಾಲಿನಲ್ಲಿ ಬಳಸಿ, ಇದ್ದಿಲೇ ಇಲ್ಲದ ಹಾಗೆ ಲಿಗ್ನಿನ್ ಕರಗಿಸಿ ತೋರಿಸಿತು. ಲೋಹ ಅಗ್ಗದ್ದು, ಹೈಡ್ರೋಜನ್ ಹೊರಗಿನಿಂದ ಬೇಡ. ಮುಂದೆ ನೆದರ್ಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆನ್ಸನ್ ತಂಡ ಇದೇ ಜಾತಿಯ ಕ್ಯಾಟಲಿಸ್ಟನ್ನು ಎಥನಾಲಿಗೆ ಹೊಂದಿಸಿತು. 2014ರಲ್ಲಿ ಅವರು 300 ಡಿಗ್ರಿಯಲ್ಲಿ 8 ಗಂಟೆ ಕಾಯಿಸಿ ತೂಕದಲ್ಲಿ ನೂರಕ್ಕೆ 23ರಷ್ಟು ಬಿಡಿ ಅಣುಗಳನ್ನು ಪಡೆದರು. ಮರುವರ್ಷ 380 ಡಿಗ್ರಿಗೆ ಏರಿಸಿ ನೂರಕ್ಕೆ 60ರಿಂದ 86ರವರೆಗೆ ತಲುಪಿದರು. ಎಥನಾಲ್ ತುದಿಗಳನ್ನು ಮುಚ್ಚುತ್ತದೆ, ಫಾರ್ಮಾಲ್ಡಿಹೈಡ್ ಹಿಡಿಯುತ್ತದೆ ಅನ್ನುವುದನ್ನು ಬಿಡಿಸಿ ತೋರಿಸಿದ್ದು ಈ ಕೆಲಸವೇ. ಚೀನಾದ ತಿಯಾಂಜಿನ್ ವಿಶ್ವವಿದ್ಯಾಲಯದವರು 2014ರಲ್ಲಿ ಇನ್ನೂ ದೊಡ್ಡ ಸುದ್ದಿ ಮಾಡಿದರು. ಮಾಲಿಬ್ಡಿನಂ ಕಾರ್ಬೈಡ್ ಕ್ಯಾಟಲಿಸ್ಟ್, 280 ಡಿಗ್ರಿ ಎಥನಾಲ್, ಅದೂ ಗಂಧಕ ತುಂಬಿದ ಕ್ರಾಫ್ಟ್ ಲಿಗ್ನಿನ್. ಇದ್ದಿಲಿಲ್ಲ, ಟಾರ್ ಇಲ್ಲ. ಒಂದು ಗ್ರಾಂ ಲಿಗ್ನಿನ್‌ಗೆ 1.64 ಗ್ರಾಂ ಉತ್ಪನ್ನ.

ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಗ್ರಾಂ ಹಾಕಿ 1.64 ಗ್ರಾಂ ತೆಗೆಯಲು ಹೇಗೆ ಸಾಧ್ಯ?

ಉತ್ತರ ಸರಳ. ಉಳಿದದ್ದು ಎಥನಾಲ್. ಆ ಉತ್ಪನ್ನದ ಪಟ್ಟಿಯಲ್ಲಿ ಬೆಂಜೀನ್ ಉಂಗುರದ ಅಣುಗಳ ಜೊತೆಗೆ ಉಂಗುರವೇ ಇಲ್ಲದ ದೊಡ್ಡ ಆಲ್ಕೊಹಾಲ್‌ಗಳು, ಎಸ್ಟರ್‌ಗಳು ಇವೆ. 280 ಡಿಗ್ರಿಯಲ್ಲಿ ಕ್ಯಾಟಲಿಸ್ಟ್ ಮೇಲೆ ಕೂತ ಎಥನಾಲ್ ಲಿಗ್ನಿನ್ ಜೊತೆಗಷ್ಟೇ ಅಲ್ಲ, ತನ್ನ ಜೊತೆಗೂ ಕೂಡಿಕೊಳ್ಳುತ್ತದೆ. ಎರಡು ಎಥನಾಲ್ ಸೇರಿ ಬ್ಯುಟನಾಲ್, ಅದಕ್ಕೆ ಇನ್ನೊಂದು ಸೇರಿ ಹೆಕ್ಸನಾಲ್, ನಡುವೆ ಈಥೈಲ್ ಅಸಿಟೇಟ್. ಮೆಥನಾಲ್ ಆದರೆ ಒಡೆದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗಿ ಅನಿಲವಾಗಿ ಹೋಗುತ್ತದೆ. ಉಂಗುರದ ಅಣುಗಳ ಮೇಲೂ ಈಥೈಲ್ ಗುಂಪುಗಳು ಕೂತಿರುತ್ತವೆ, ಹಾಗಾಗಿ ನೂರಕ್ಕೆ 86 ಅಂದಾಗ ಆ ತೂಕದಲ್ಲೂ ಎಥನಾಲಿನ ಪಾಲಿದೆ. ಸಂಶೋಧಕರು ಇದನ್ನು ಮುಚ್ಚಿಟ್ಟಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಪ್ರಬಂಧಗಳಲ್ಲಿ ಬರೆದಿರುತ್ತದೆ. ಆದರೆ ಸುದ್ದಿಯಾಗಿ ಹೊರಬರುವಾಗ, ಯೋಜನೆಯ ಅರ್ಜಿಗೆ ಸೇರುವಾಗ, ಶೇಕಡಾವಾರು ಮಾತ್ರ ಉಳಿಯುತ್ತದೆ. ಕಾರ್ಬನ್-13 (ಸಾಮಾನ್ಯ ಕಾರ್ಬನ್ನಿಗಿಂತ ತುಸು ಭಾರದ ಕಾರ್ಬನ್) ಗುರುತು ಹಾಕಿದ ಎಥನಾಲ್ ಬಳಸಿದರೆ ಯಾವ ಕಾರ್ಬನ್ ಎಲ್ಲಿಂದ ಬಂತು ಅಂತ ನಿಖರವಾಗಿ ಹೇಳಬಹುದು. ಇಂಥ ಪರೀಕ್ಷೆ ಇಲ್ಲದ ಇಳುವರಿ ಸಂಖ್ಯೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇನ್ನು ಪ್ರಮಾಣ ನೋಡಿ. ಲ್ಯಾಬಿನಲ್ಲಿ ಒಂದು ಗ್ರಾಂ ಲಿಗ್ನಿನ್‌ಗೆ 20 ಮಿಲಿಲೀಟರ್ ಆಲ್ಕೊಹಾಲ್ ಅಂದರೆ ಕಡಿಮೆಯ ಕಡೆಗೇ ಬಂತು, ಅದಕ್ಕೂ ಎಷ್ಟೋ ಜಾಸ್ತಿ ಹಾಕುವವರಿದ್ದಾರೆ. ತೆಳುವಾಗಿದ್ದಷ್ಟೂ ತುಣುಕುಗಳು ಒಂದಕ್ಕೊಂದು ಎದುರಾಗುವುದು ಕಡಿಮೆ, ಹಾಗಾಗಿ ಫಲಿತಾಂಶ ಚಂದ ಬರುತ್ತದೆ. ಅದನ್ನೇ ಕಾರ್ಖಾನೆಗೆ ಎತ್ತಿದರೆ ಏನಾಗುತ್ತದೆ? ನಮ್ಮ ದೇಶದ್ದೇ ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಮಾಡೋಣ.

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ 2ಜಿ (ಎರಡನೇ ತಲೆಮಾರಿನ, ಅಂದರೆ ಹುಲ್ಲು, ಸಿಪ್ಪೆಯಂಥ ಕೃಷಿ ಉಳಿಕೆಯಿಂದ ತೆಗೆಯುವ) ಎಥನಾಲ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಅದರ ಗುರಿ. ಹುಲ್ಲಿನಲ್ಲಿ ಲಿಗ್ನಿನ್ ನೂರಕ್ಕೆ 12-13 ಅಂತ ಹಿಡಿದರೂ ವರ್ಷಕ್ಕೆ 25 ಸಾವಿರ ಟನ್ ಆಗುತ್ತದೆ. 3 ಕೋಟಿ ಲೀಟರ್ ಎಥನಾಲಿನ ತೂಕ ಎಷ್ಟು ಗೊತ್ತಾ? 24 ಸಾವಿರ ಟನ್ ಆಸುಪಾಸು. ಅಂದರೆ ಇಂಥ ಘಟಕದೊಳಗೆ ಎಥನಾಲ್ ಹುಟ್ಟಿದಷ್ಟೇ ಲಿಗ್ನಿನ್ ಕೂಡ ಉಳಿಯುತ್ತದೆ. 2ಜಿ ಘಟಕಗಳ ಸಾಮಾನ್ಯ ವಿನ್ಯಾಸದಲ್ಲಿ ಅದಕ್ಕೆ ಇರುವ ಜಾಗ ಬಾಯ್ಲರ್.

ಈಗ ಆ 25 ಸಾವಿರ ಟನ್ನನ್ನು ಅಲ್ಲೇ ಎಥನಾಲಿನಲ್ಲಿ ಒಡೆಯುತ್ತೇವೆ ಅಂದುಕೊಳ್ಳಿ. ಕಿಲೋಗೆ 20 ಲೀಟರ್ ಪ್ರಕಾರ ವರ್ಷದಲ್ಲಿ 50 ಕೋಟಿ ಲೀಟರ್ ಎಥನಾಲ್ ರಿಯಾಕ್ಟರಿನೊಳಗೆ ಹಾದುಹೋಗಬೇಕು. ಘಟಕ ಮಾಡುವುದು 3 ಕೋಟಿ. ಸರಿ, ಎಥನಾಲನ್ನು ಬಟ್ಟಿ ಇಳಿಸಿ ಮತ್ತೆ ಮತ್ತೆ ಬಳಸಬಹುದು. ಆದರೆ ಪ್ರತಿ ಸಲ ನೂರಕ್ಕೆ 5ರಷ್ಟು ಬ್ಯುಟನಾಲ್, ಈಥೈಲ್ ಅಸಿಟೇಟ್, ಅನಿಲ ಅಂತ ಹೋದರೆ? ವರ್ಷಕ್ಕೆ 2.5 ಕೋಟಿ ಲೀಟರ್. ಘಟಕ ಇಡೀ ವರ್ಷ ದುಡಿದು ತೆಗೆದ ಎಥನಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಲಿಗ್ನಿನ್ ಒಡೆಯಲು ಖರ್ಚಾಯಿತು. ನಷ್ಟವನ್ನು ನೂರಕ್ಕೆ 1ಕ್ಕೆ ಇಳಿಸಿದರೆ 50 ಲಕ್ಷ ಲೀಟರ್. ಆಗ ಕೂತು ಮಾತಾಡಬಹುದು. ಇದು ನನ್ನ ಕೈಲೆಕ್ಕ, ಪಾಣಿಪತ್‌ನಲ್ಲಿ ಯಾರೂ ಹೀಗೆ ಮಾಡಲು ಹೊರಟಿಲ್ಲ. ಆದರೆ 5 ಮತ್ತು 1ರ ನಡುವಿನ ಅಂತರದಲ್ಲೇ ಇಡೀ ತಂತ್ರಜ್ಞಾನದ ಹಣೆಬರಹ ಇದೆ ಅನ್ನುವುದು ಕಾಣುತ್ತದೆ.

ದುಡ್ಡಿನಲ್ಲೂ ನೋಡೋಣ. 2024-25ರಲ್ಲಿ ತೈಲ ಕಂಪನಿಗಳು ಬಿ-ಹೆವಿ ಮೊಲಾಸಸ್ (ಸಕ್ಕರೆ ಪೂರ್ತಿ ತೆಗೆಯದ ಕಾಕಂಬಿ) ಎಥನಾಲಿಗೆ ಕೊಟ್ಟ ದರ ಲೀಟರಿಗೆ 60 ರೂಪಾಯಿ 73 ಪೈಸೆ. ಕಿಲೋ ಲಿಗ್ನಿನ್‌ಗೆ 20 ಲೀಟರ್, ನಷ್ಟ ನೂರಕ್ಕೆ 5, ಅಂದರೆ ಒಂದು ಲೀಟರ್, 60 ರೂಪಾಯಿ. ಆ ಕಿಲೋದಿಂದ ನೂರಕ್ಕೆ 23ರ ಇಳುವರಿಯಲ್ಲಿ 230 ಗ್ರಾಂ ಬಿಡಿ ಅಣುಗಳು ಸಿಕ್ಕರೆ, ಒಂದು ಕಿಲೋ ಉತ್ಪನ್ನದ ಮೇಲೆ ಕಳೆದುಹೋದ ಆಲ್ಕೊಹಾಲಿನ ಬಾಬ್ತೇ 260 ರೂಪಾಯಿ ದಾಟುತ್ತದೆ. ಶಾಖ, ಒತ್ತಡ, ಕ್ಯಾಟಲಿಸ್ಟ್, ಬೇರ್ಪಡಿಸುವ ಖರ್ಚು ಇನ್ನೂ ಸೇರಿಲ್ಲ. ಫೀನಾಲ್ ಥರದ ಸಗಟು ಸರಕು ಆ ಬೆಲೆಗೆ ಮಾರುವುದಿಲ್ಲ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು: ಕಳೆದ ಎಥನಾಲ್ ಎಲ್ಲವೂ ವ್ಯರ್ಥವಲ್ಲ. ಬ್ಯುಟನಾಲಿಗೂ ಈಥೈಲ್ ಅಸಿಟೇಟಿಗೂ ಮಾರುಕಟ್ಟೆ ಇದೆ. ಆದರೆ ಅವನ್ನು ಮಾಡಲು ಲಿಗ್ನಿನ್ ಬೇಕಾಗಿಯೇ ಇಲ್ಲ, ಅದಕ್ಕೆ ಬೇರೆ ಸುಲಭದ ದಾರಿಗಳಿವೆ.

ಹೀಗೆ ಲೆಕ್ಕದಲ್ಲಿ ಸೋತ ಉದಾಹರಣೆ ಇತಿಹಾಸದಲ್ಲೇ ಇದೆ, ಆಲ್ಕೊಹಾಲಿನದ್ದಲ್ಲ, ವೆನಿಲಿನ್‌ನದು. ಐಸ್‌ಕ್ರೀಮಿನ ವೆನಿಲಾ ಘಮಕ್ಕೆ ಕಾರಣವಾದ ಅಣು ಅದು. 20ನೇ ಶತಮಾನದ ಮಧ್ಯದಲ್ಲಿ ಪ್ರಪಂಚದ ವೆನಿಲಿನ್ ಬಹುಪಾಲು ಬರುತ್ತಿದ್ದದ್ದು ಕಾಗದ ಕಾರ್ಖಾನೆಯ ಲಿಗ್ನಿನ್‌ನಿಂದ. ಕೆನಡಾದ ಥೊರೊಲ್ಡ್ ಊರಿನ ಒಂದೇ ಘಟಕ 1980ರ ದಶಕದ ಆರಂಭದಲ್ಲಿ ಪ್ರಪಂಚದ ಅರ್ಧಕ್ಕಿಂತ ಹೆಚ್ಚು ವೆನಿಲಿನ್ ಮಾಡುತ್ತಿತ್ತು. ಆದರೆ ಒಂದು ಕಿಲೋ ವೆನಿಲಿನ್‌ಗೆ ನೂರು ಕಿಲೋಗೂ ಮಿಕ್ಕಿ ಕ್ಷಾರದ ಕೊಳಕು ದ್ರವ ಉಳಿಯುತ್ತಿತ್ತು. ಪರಿಸರದ ನಿಯಮ ಬಿಗಿಯಾದಾಗ, ಪೆಟ್ರೋಲಿಯಂನಿಂದ ಬರುವ ವೆನಿಲಿನ್ ಅಗ್ಗವಾದಾಗ, ಉತ್ತರ ಅಮೆರಿಕದ ಈ ಘಟಕಗಳು ಮುಚ್ಚಿದವು. ಈಗ ದೊಡ್ಡ ಪ್ರಮಾಣದಲ್ಲಿ ಉಳಿದಿರುವುದು ನಾರ್ವೆಯ ಬೋರೆಗಾರ್ಡ್. ಅವರು ಉಳಿದದ್ದು ಯಾಕೆ ಅಂದರೆ ಸ್ಪ್ರೂಸ್ ಮರದಿಂದ ಸೆಲ್ಯುಲೋಸ್, ಎಥನಾಲ್, ಲಿಗ್ನಿನ್ ಉತ್ಪನ್ನ, ವೆನಿಲಿನ್ ಎಲ್ಲವನ್ನೂ ಒಂದೇ ಆವರಣದಲ್ಲಿ ಮಾರಾಟಕ್ಕೆ ತರುತ್ತಾರೆ. ಉಳಿಕೆ ದ್ರವಕ್ಕೂ ಗಿರಾಕಿ ಹುಡುಕಿಕೊಂಡಿದ್ದಾರೆ.

ಹಾಗಾದರೆ ಆಲ್ಕೊಹಾಲ್ ದಾರಿ ಕೈಬಿಡಬೇಕಾ? ಖಂಡಿತ ಬೇಡ. ಅದನ್ನು ಬಳಸುವ ಜಾಗ ಬದಲಾಗಬೇಕು, ಈಗ ಬದಲಾಗುತ್ತಲೂ ಇದೆ. ಮೊದಲು ಕಾಗದ ಮಾಡಿ, ಲಿಗ್ನಿನ್ ಕೆಟ್ಟ ಮೇಲೆ ಅದನ್ನು 300-380 ಡಿಗ್ರಿಯಲ್ಲಿ ರಿಪೇರಿ ಮಾಡುವುದರ ಬದಲು, ಲಿಗ್ನಿನ್ ಇನ್ನೂ ಮರದೊಳಗೆ ಚೆನ್ನಾಗಿರುವಾಗಲೇ ಅದನ್ನು ತೆಗೆಯುವುದು. ಮರದ ಹೊಟ್ಟು, ಆಲ್ಕೊಹಾಲ್, ಕ್ಯಾಟಲಿಸ್ಟ್ ಮೂರನ್ನೂ ಒಟ್ಟಿಗೆ ಹಾಕಿ 200-250 ಡಿಗ್ರಿಗೆ ಕಾಯಿಸುತ್ತಾರೆ. ಲಿಗ್ನಿನ್ ಹೊರಗೆ ಬಂದ ಹಾಗೆ ಒಡೆಯುತ್ತದೆ, ಒಡೆದ ಹಾಗೆ ಹೈಡ್ರೋಜನ್ ಸೇರಿ ಶಾಂತವಾಗುತ್ತದೆ. ಸೆಲ್ಯುಲೋಸ್ ಘನವಾಗಿ ಹಾಗೇ ಉಳಿಯುತ್ತದೆ. ಲಿಗ್ನಿನ್-ಮೊದಲು ಅನ್ನುವ ಹೆಸರು ಇದಕ್ಕೆ. 2013ರಲ್ಲಿ ಚೀನಾದ ದಾಲಿಯಾನ್‌ನಲ್ಲಿ ನಿಕ್ಕಲ್ ಬಳಸಿ ಬರ್ಚ್ ಮರದ ಲಿಗ್ನಿನ್‌ನಲ್ಲಿ ಅರ್ಧದಷ್ಟನ್ನು ಮುಖ್ಯವಾಗಿ ಎರಡೇ ಅಣುಗಳಾಗಿ ಮಾಡಿದರು. ಬೆಲ್ಜಿಯಂನ ಲೂವೆನ್‌ನಲ್ಲಿ ಬರ್ಟ್ ಸೆಲ್ಸ್ ತಂಡ 2015ರಲ್ಲಿ ರುಥೇನಿಯಂ ಮತ್ತು ಮೆಥನಾಲ್ ಇಟ್ಟು ಇದನ್ನು ಗಟ್ಟಿ ಮಾಡಿತು. 2020ರಲ್ಲಿ ಅದೇ ತಂಡ ಬರ್ಚ್ ಮರದ ತೂಕದಲ್ಲಿ ನೂರಕ್ಕೆ 78ರಷ್ಟನ್ನು ಫೀನಾಲ್, ಪ್ರೊಪಿಲೀನ್, ಮುದ್ರಣ ಶಾಯಿಗೆ ಬರುವ ಲಿಗ್ನಿನ್ ಎಣ್ಣೆ, ಎಥನಾಲ್ ಮಾಡಲು ಆಗುವ ನಾರು ಅಂತ ಬಳಕೆಗೆ ತರುವ ಪೂರ್ತಿ ನಕ್ಷೆ ಕೊಟ್ಟಿತು.

ಈ ದಾರಿ ನನಗೆ ಇಷ್ಟವಾಗುವುದು ಎರಡು ಕಾರಣಕ್ಕೆ. ಶಾಖ ಕಡಿಮೆ ಇರುವುದರಿಂದ ಆಲ್ಕೊಹಾಲ್ ತನ್ನ ಜೊತೆ ತಾನೇ ಕೂಡಿಕೊಂಡು ಹಾಳಾಗುವುದು ಬಹಳ ಕಡಿಮೆ. ಮತ್ತೆ ಹೊರಬರುವುದು ನೂರಾರು ಅಣುಗಳ ಕಲಸುಮೇಲೋಗರ ಅಲ್ಲ, ಎರಡು ಮೂರು ಮುಖ್ಯ ಅಣುಗಳು. ಬೇರ್ಪಡಿಸುವ ಖರ್ಚು ಅಲ್ಲೇ ಇಳಿಯುತ್ತದೆ. ಆದರೆ ಸಮಸ್ಯೆಗಳು ಇಲ್ಲೂ ಇವೆ. 250 ಡಿಗ್ರಿ ಮೆಥನಾಲ್, ಜೊತೆಗೆ ಹೈಡ್ರೋಜನ್ ಅಂದರೆ ನೂರು ಬಾರ್ ಒತ್ತಡದ ಮಾತು. ಅಷ್ಟು ತಡೆಯುವ ದೊಡ್ಡ ಪಾತ್ರೆಗಳು, ಅದರೊಳಗೆ ಹೊತ್ತಿ ಉರಿಯುವ ದ್ರವ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು 2021ರಲ್ಲಿ ಮಾಡಿದ ಖರ್ಚಿನ ವಿಶ್ಲೇಷಣೆಯಲ್ಲಿ ಎದ್ದು ಕಂಡದ್ದು ಎರಡು: ಒತ್ತಡದ ಪಾತ್ರೆಗಳ ಬಂಡವಾಳ, ಆಲ್ಕೊಹಾಲನ್ನು ಬಟ್ಟಿ ಇಳಿಸಿ ವಾಪಸ್ ಪಡೆಯಲು ಬೇಕಾದ ಶಕ್ತಿ. ಕ್ಯಾಟಲಿಸ್ಟ್ ಪುಡಿ ನಾರಿನ ಜೊತೆ ಕಲೆತುಹೋಗುವುದು ಇನ್ನೊಂದು ತಲೆನೋವು. ಅದಕ್ಕೆ ಅದನ್ನು ಬುಟ್ಟಿಯೊಳಗೆ ಇಡುವುದು, ಇಲ್ಲಾ ಮರ ಒಂದು ಕಡೆ, ಕ್ಯಾಟಲಿಸ್ಟ್ ಇನ್ನೊಂದು ಕಡೆ ಇಟ್ಟು ಆಲ್ಕೊಹಾಲನ್ನು ಮಾತ್ರ ಹರಿಸುವುದು, ಇಂಥ ಪ್ರಯತ್ನಗಳು ನಡೆದಿವೆ. ಸೆಲ್ಸ್ ತಂಡ ಬ್ಯುಟನಾಲ್ ಮತ್ತು ನೀರಿನ ಮಿಶ್ರಣ ಬಳಸಿದ್ದು ನನಗೆ ಬಹಳ ಹಿಡಿಸಿದ ಉಪಾಯ. 200 ಡಿಗ್ರಿ ಸಾಕು. ತಣ್ಣಗಾದ ಮೇಲೆ ಬ್ಯುಟನಾಲ್, ನೀರು ತಾವಾಗಿಯೇ ಎರಡು ಪದರವಾಗುತ್ತವೆ. ಲಿಗ್ನಿನ್ ತುಣುಕುಗಳು ಮೇಲಿನ ಬ್ಯುಟನಾಲಿನಲ್ಲಿ, ಸಕ್ಕರೆಗಳು ಕೆಳಗಿನ ನೀರಿನಲ್ಲಿ, ನಾರು ಘನವಾಗಿ. ಬೇರ್ಪಡಿಸುವ ಅರ್ಧ ಕೆಲಸ ಬೆಂಕಿ ಇಲ್ಲದೆ ಮುಗಿಯುತ್ತದೆ.

ಎಲ್ಲ ಲಿಗ್ನಿನ್ ಅನ್ನೂ ಪೂರ್ತಿ ಒಡೆಯಲೇಬೇಕು ಅನ್ನುವ ಹಟವೂ ಬೇಡ. ನೆದರ್ಲೆಂಡಿನ ವರ್ಟೊರೊ ಕಂಪನಿ ಮೆಥನಾಲಿನಲ್ಲಿ ಲಿಗ್ನಿನ್ ಅನ್ನು ಅರೆಬರೆ ಒಡೆದು ಕಚ್ಚಾ ಎಣ್ಣೆಯ ಥರ ಮಾಡುತ್ತದೆ. ಅದಕ್ಕೆ 2021ರಲ್ಲಿ ಹಡಗು ಕಂಪನಿ ಮೇರ್ಸ್ಕ್ ಬಂಡವಾಳ ಹಾಕಿತು, ಹಡಗಿನ ಇಂಧನದ ಆಸೆಯಿಂದ. ಇಲ್ಲಿ ಆಲ್ಕೊಹಾಲನ್ನು ವಾಪಸ್ ಪಡೆಯದೆ ಇಂಧನದಲ್ಲೇ ಬಿಟ್ಟರೂ ನಡೆಯುತ್ತದೆ, ಅದೂ ಉರಿಯುವ ವಸ್ತುವೇ ಅಲ್ವಾ. ಇನ್ನೂ ಸರಳವಾದ್ದು ನಮ್ಮಲ್ಲೇ ಆಗಿದೆ. 2024ರ ಡಿಸೆಂಬರ್‌ನಲ್ಲಿ ನಾಗಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರ ಮಾನ್ಸರ್ ಬೈಪಾಸ್‌ನಲ್ಲಿ ಲಿಗ್ನಿನ್ ಬೆರೆಸಿದ ಡಾಂಬರಿನ ರಸ್ತೆ ಉದ್ಘಾಟನೆಯಾಯಿತು. ಒಡೆಯುವ ಗೋಜೇ ಇಲ್ಲ, ಬಿಟುಮೆನ್ ಜೊತೆ ಬೆರೆಸಿ ಹಾಸಿದ್ದು. ಬೆಂಜೀನ್ ಉಂಗುರವನ್ನು ರಸ್ತೆಗೆ ಹಾಸುವುದು ಬೇಸರದ ಸಂಗತಿ ಅಂತ ರಸಾಯನಶಾಸ್ತ್ರಜ್ಞರಿಗೆ ಅನ್ನಿಸಬಹುದು. ಆದರೆ ಆಮದು ಬಿಟುಮೆನ್ ಉಳಿಸಿದರೆ ಅದೂ ಲಾಭವೇ, ಬಾಯ್ಲರಿಗಿಂತ ಒಂದು ಮೆಟ್ಟಿಲು ಮೇಲೆ.

ನಮ್ಮಲ್ಲಿ ಕೆಲಸ ನಡೆದಿಲ್ಲ ಅಂತಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮೆಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಘನ ಆಮ್ಲದ ಕ್ಯಾಟಲಿಸ್ಟ್ ಬಳಸಿ ಲಿಗ್ನಿನ್ ಒಡೆದಿದ್ದಾರೆ. ಡೆಹ್ರಾಡೂನಿನ ಪೆಟ್ರೋಲಿಯಂ ಸಂಸ್ಥೆಯಲ್ಲೂ ಈ ಬಗ್ಗೆ ವರ್ಷಗಟ್ಟಲೆ ಕೆಲಸ ಆಗಿದೆ. ಕೊರತೆ ಇರುವುದು ಲ್ಯಾಬ್ ಮತ್ತು ಘಟಕದ ನಡುವೆ. ನಮ್ಮ ಹುಲ್ಲು, ಕಬ್ಬಿನ ಸಿಪ್ಪೆ, ಬಿದಿರಿನ ಲಿಗ್ನಿನ್ ಬರ್ಚ್ ಮರದ ಲಿಗ್ನಿನ್ ಅಲ್ಲ. ಅದರಲ್ಲಿ ಕೂಮರಿಕ್ ಮತ್ತು ಫೆರುಲಿಕ್ ಆಮ್ಲಗಳು ಎಸ್ಟರ್ ಕೊಂಡಿಯಲ್ಲಿ ನೇತಾಡುತ್ತಿರುತ್ತವೆ. ಇವು ಆಲ್ಕೊಹಾಲಿನಲ್ಲಿ ಸುಲಭವಾಗಿ ಕಳಚಿಕೊಂಡು ಬರುತ್ತವೆ, ಮತ್ತು ಬೆಲೆ ಇರುವ ಅಣುಗಳು. ಇಡೀ ಲಿಗ್ನಿನ್ ಒಡೆಯುವ ಮೊದಲು ಇವನ್ನು ಕೊಯ್ದುಕೊಂಡರೆ ಕಡಿಮೆ ಶಾಖದಲ್ಲಿ, ಕಡಿಮೆ ಆಲ್ಕೊಹಾಲಿನಲ್ಲಿ ಒಂದಿಷ್ಟು ಆದಾಯ ಬರುತ್ತದೆ. ಇನ್ನೊಂದು ಕಡೆ ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ. ಅದು ಕ್ಯಾಟಲಿಸ್ಟ್ ಮೇಲೆ ಕೂರುತ್ತದೆ, ಪೈಪು ಸವೆಸುತ್ತದೆ. ಯುರೋಪಿನ ಬರ್ಚ್ ಹೊಟ್ಟಿನ ಫಲಿತಾಂಶ ತಂದು ಇಲ್ಲಿ ಹಾಗೇ ಅಂಟಿಸಲು ಆಗುವುದಿಲ್ಲ.

ಕರ್ನಾಟಕಕ್ಕೆ ಇದು ದೂರದ ವಿಷಯವೂ ಅಲ್ಲ. ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ಅತಿ ಹೆಚ್ಚು ಕಬ್ಬು ಬೆಳೆಯುವ ರಾಜ್ಯ ನಮ್ಮದು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಎಥನಾಲೂ ಇದೆ, ಲಿಗ್ನಿನ್ ತುಂಬಿದ ಸಿಪ್ಪೆಯೂ ಇದೆ, ಹಬೆಯೂ ಇದೆ, ಬಟ್ಟಿ ಇಳಿಸುವ ಕಂಬಗಳೂ, ಅವನ್ನು ನಡೆಸಬಲ್ಲ ಜನರೂ ಇದ್ದಾರೆ. ಆಲ್ಕೊಹಾಲನ್ನು ಅಗ್ಗದಲ್ಲಿ ವಾಪಸ್ ಪಡೆಯುವುದೇ ಮುಖ್ಯ ಸಮಸ್ಯೆಯಾಗಿರುವಾಗ, ಆ ಕೌಶಲ ಈಗಾಗಲೇ ಇರುವ ಜಾಗ ಡಿಸ್ಟಿಲರಿಗಿಂತ ಇನ್ನೊಂದು ಎಲ್ಲಿ ಸಿಗುತ್ತದೆ? ಹರಿಹರದ ಬಳಿ ದಿನಕ್ಕೆ 60 ಸಾವಿರ ಲೀಟರಿನ 2ಜಿ ಎಥನಾಲ್ ಘಟಕ ಕಟ್ಟುವ ಯೋಜನೆಯನ್ನು ಎಂಆರ್‌ಪಿಎಲ್ ಕೆಲವು ವರ್ಷಗಳ ಹಿಂದೆಯೇ ಪ್ರಕಟಿಸಿತ್ತು. ಇಂಥ ಘಟಕಗಳ ನಕ್ಷೆ ಹಾಕುವಾಗಲೇ ಲಿಗ್ನಿನ್ ಬಗ್ಗೆ ತೀರ್ಮಾನ ಆಗಬೇಕು. ಬಾಯ್ಲರಿನ ಗಾತ್ರ ಲಿಗ್ನಿನ್ ನಂಬಿ ನಿಗದಿಯಾದ ಮೇಲೆ, ಮುಂದಿನ ಇಪ್ಪತ್ತೈದು ವರ್ಷ ಅದನ್ನು ಸುಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ನಕ್ಷೆಯಲ್ಲಿ ನೂರಕ್ಕೆ ಹತ್ತು ಭಾಗ ಲಿಗ್ನಿನ್ ಪಕ್ಕಕ್ಕೆ ತೆಗೆದು ಪ್ರಾಯೋಗಿಕ ಘಟಕಕ್ಕೆ ಕೊಡುವ ಒಂದು ಪೈಪ್‌ಲೈನ್ ಇಟ್ಟರೆ ಸಾಕು, ಪುಣೆಯವರಿಗೂ ಡೆಹ್ರಾಡೂನಿನವರಿಗೂ ನಿಜವಾದ ಕಚ್ಚಾ ವಸ್ತುವಿನ ಮೇಲೆ ಕೆಲಸ ಮಾಡುವ ಅವಕಾಶ ಸಿಗುತ್ತದೆ.

ಆ ಪ್ರಾಯೋಗಿಕ ಘಟಕಕ್ಕೆ ಸಾರ್ವಜನಿಕ ದುಡ್ಡು ಕೊಡುವಾಗ ಷರತ್ತು ಒಂದೇ ಇರಲಿ ಅನ್ನುತ್ತೇನೆ. ತಿಂಗಳ ವರದಿಯಲ್ಲಿ ಇಳುವರಿಯ ಪಕ್ಕದ ಅಂಕಣದಲ್ಲಿ, ರಿಯಾಕ್ಟರಿಗೆ ಹೋದ ಆಲ್ಕೊಹಾಲ್ ಎಷ್ಟು ಲೀಟರ್, ಬಟ್ಟಿ ಇಳಿಸಿ ವಾಪಸ್ ಬಂದದ್ದು ಎಷ್ಟು ಲೀಟರ್, ಅದಕ್ಕೆ ಖರ್ಚಾದ ಹಬೆ ಎಷ್ಟು ಟನ್ ಅಂತ ಬರೆಯಬೇಕು.